ಮುಂಬಯಿ ಮಳೆಗೂ ಜಗ್ಗದ ಟ್ವೀಡ್ ಆಂಪ್

ಸ್ಪೀಕರ್ ನಡೆಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೊರದೇಶದಿಂದ ತರಿಸದೆ ಒಳ್ಳೆ ವಾಲ್ವ್ (ನಿರ್ವಾತ ನಳಿಕೆ) ಗಿಟಾರ್ ಆಂಪ್ ಆಗಲ್ಲ ಎಂದು ಬಹಳ ಜನ ಹೇಳಿದ್ದರು. ಆಯಿತು. ಮುಂಬಯಿಯ ಎಲೆಕ್ಟ್ರಾನಿಕ್ಸ್ ಬಜಾರ್ ಲ್ಯಾಮಿಂಗ್ಟನ್ ರೋಡ್ ಪಕ್ಕದ ಗಲ್ಲಿಯಲ್ಲಿ ಸುತ್ತಿಸಿದ ಟ್ರಾನ್ಸ್‌ಫಾರ್ಮರ್ ಹಾಕಿ ಡೊಂಬಿವಲಿಯ ಮನೆಯಲ್ಲೇ ಕಟ್ಟಿದೆ. ಮಳೆಗಾಲವನ್ನೂ ದಾಟಿದೆ.

ಆಧಾರ 1950ರ ದಶಕದ, ಟ್ವೀಡ್ ಬಟ್ಟೆ ಹೊದಿಸಿದ ಅಮೆರಿಕದ ಗಿಟಾರ್ ಆಂಪ್ ಫೆಂಡರ್ ಡಿಲಕ್ಸ್, ಅದರ 5ಇ3 ಎಂಬ ಸರ್ಕ್ಯೂಟ್. ಎರಡು 6ವಿ6 ಪವರ್ ವಾಲ್ವ್, ಎಸಿಯನ್ನು ಡಿಸಿ ಮಾಡುವ 5ವೈ3 ರೆಕ್ಟಿಫೈಯರ್ ವಾಲ್ವ್, ಔಟ್‌ಪುಟ್‌ನಿಂದ ಹಿಂದಕ್ಕೆ ಸಿಗ್ನಲ್ ಕೊಡುವ ಫೀಡ್‌ಬ್ಯಾಕ್ ಇಲ್ಲ. ಸತಾಯಿಸಿದ್ದು ಟ್ರಾನ್ಸ್‌ಫಾರ್ಮರ್ ಮತ್ತು ಬಿಡಿಭಾಗ ಕೂರಿಸುವ ಬೋರ್ಡ್.

ಮೂಲ ಡಿಸೈನ್ ಅಮೆರಿಕದ 60 ಹರ್ಟ್ಸ್ ಕರೆಂಟ್‌ಗೆ ಮಾಡಿದ್ದು. ನಮ್ಮಲ್ಲಿ 50, ಅದಕ್ಕೆ ದೊಡ್ಡ ಕೋರ್ ಬೇಕು. ಅದೇ ಅಳತೆಯ ಕೋರ್ ಹಾಕಿದ ಪವರ್ ಟ್ರಾನ್ಸ್‌ಫಾರ್ಮರ್ ಅರ್ಧ ಗಂಟೆಯಲ್ಲಿ ಕೈ ಇಡಲಾಗದಷ್ಟು ಕಾಯಿತು. ಕೋರಿನ ಕಬ್ಬಿಣದ ಹಾಳೆಗಳ ಸ್ಟ್ಯಾಕ್ ದಪ್ಪ ಮಾಡಿಸಿ, 230 ವೋಲ್ಟ್ ಜೊತೆ 245ಕ್ಕೂ ಟ್ಯಾಪ್ ಕೊಡಿಸಿದೆ. ರಾತ್ರಿ ನಮ್ಮ ಕಡೆ ವೋಲ್ಟೇಜ್ ಏರುತ್ತದೆ. ವಾಲ್ವ್ ಕಾಯಿಸುವ ಹೀಟರ್ 6.3 ವೋಲ್ಟ್ ದಾಟಿ ಓಡಿದರೆ ವಾಲ್ವ್ ಬೇಗ ಸಾಯುತ್ತದೆ ಅಲ್ವಾ?

ಔಟ್‌ಪುಟ್ ಇನ್ನೂ ಕಷ್ಟ. ಪ್ರೈಮರಿ (ವಾಲ್ವ್ ಕಡೆಯ ಸುತ್ತು) ಸುಮಾರು 8 ಕಿಲೋ ಓಮ್, ಸೆಕೆಂಡರಿ (ಸ್ಪೀಕರ್ ಕಡೆಯದು) 8 ಓಮ್. ಸುತ್ತುವವರು ಸ್ಟೆಬಿಲೈಸರ್ ಕೆಲಸದವರು. ಪ್ರೈಮರಿ ಪೂರ್ತಿ ಸುತ್ತಿ, ಅದರ ಮೇಲೆ ಸೆಕೆಂಡರಿ ಸುತ್ತಿ ಕೊಟ್ಟರು. ಬಾಯಿಗೆ ಬಟ್ಟೆ ಕಟ್ಟಿ ಹಾಡಿದ ಹಾಗಿತ್ತು. ಎರಡನ್ನೂ ಭಾಗ ಮಾಡಿ ಒಂದರ ನಡುವೆ ಇನ್ನೊಂದು ಬರುವಂತೆ ಸುತ್ತಬೇಕು ಎಂದರೆ ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬರ ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತು ಸುತ್ತಿಸಿದೆ. ಪದರ ಪದರಕ್ಕೂ ಕಾಗದ, ಆಮೇಲೆ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸುವುದು. ಎಷ್ಟು ಭಾಗ, ಯಾವ ಕ್ರಮ ಎನ್ನುವುದು ನನ್ನ ಹತ್ತಿರವೇ ಇರಲಿ. ಇದಕ್ಕೇ ಏಳೆಂಟು ಸಾವಿರ ಹೋಯಿತು. ಈಗ ಎರಡೂವರೆ ಸಾವಿರಕ್ಕೆ ಬೇಕಾದಾಗ ಒಂದು ಸಿಗುತ್ತದೆ, ಅದರ ದನಿಗೆ ಯಾರ ಮುಂದೆ ಬೇಕಾದರೂ ಪಂದ್ಯ ಕಟ್ಟುತ್ತೇನೆ.

ಇನ್ನು ಬೋರ್ಡ್. ಹಳೆ ಫೆಂಡರ್‌ನಂತೆ ಕಪ್ಪು ಫೈಬರ್ ಬೋರ್ಡನ್ನೇ ಮೇಣ ಹಚ್ಚಿ ಹಾಕಿದ್ದೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಜುಲೈಯಲ್ಲಿ ಚಟಪಟ ಶುರುವಾಯಿತು. ವಾಲ್ವ್ ಬದಲಿಸಿದೆ, ಪ್ಲೇಟ್ ರೆಸಿಸ್ಟರ್ ಬದಲಿಸಿದೆ, ಹೋಗಲಿಲ್ಲ. ಮೀಟರಿನ ಕಪ್ಪು ಪ್ರೋಬ್ ಚಾಸಿಗೆ ಸಿಕ್ಕಿಸಿ, ಕೆಂಪನ್ನು ಏನೂ ಇಲ್ಲದ ಬರೀ ಬೋರ್ಡಿನ ಮೇಲೆ ಒತ್ತಿದೆ. ವೋಲ್ಟ್‌ಗಟ್ಟಲೆ ಡಿಸಿ ತೋರಿಸಿತು! ಬೋರ್ಡೇ ತೇವ ಕುಡಿದು ಕರೆಂಟ್ ಹರಿಸುತ್ತಿತ್ತು. ಎಲ್ಲ ಬಿಚ್ಚಿ, ಗ್ಲಾಸ್ ಎಪಾಕ್ಸಿ ಶೀಟಿಗೆ ಟರೆಟ್ (ತಂತಿ ಬೆಸೆಯುವ ಪುಟ್ಟ ಕಂಬ) ಹೊಡೆದು ಮತ್ತೆ ಕಟ್ಟಿದೆ. ಚಟಪಟ ಮತ್ತೆ ಬಂದಿಲ್ಲ. "ಫೈಬರ್ ಬೋರ್ಡ್ ಇಲ್ಲದಿದ್ರೆ ಆ ಸೌಂಡೇ ಬರಲ್ಲ ಮಾರಾಯ" ಎನ್ನುತ್ತಿದ್ದ ಮಾಟುಂಗಾದ ಗೆಳೆಯ ಈಗ ತನಗೂ ಅದೇ ಶೀಟ್ ಕೇಳಿದ್ದಾನೆ.

ಉಳಿದಿದ್ದ ಹಮ್ (ಗುಂಯ್ ಸದ್ದು) ತೆಗೆಯಲು ಹೀಟರ್ ಸುತ್ತಿನ ನಡುವಿನ ತಂತಿ, ಅಂದರೆ ಸೆಂಟರ್ ಟ್ಯಾಪನ್ನು ಗ್ರೌಂಡಿನಿಂದ ತೆಗೆದು 6ವಿ6ರ ಕ್ಯಾಥೋಡಿಗೆ ಕೊಟ್ಟೆ. ಅಲ್ಲಿ ಹೇಗೂ 20 ವೋಲ್ಟ್ ಆಸುಪಾಸು ಇರುತ್ತದೆ. ಸ್ಪೀಕರಿಗೆ ಕಿವಿ ಹಚ್ಚಿದರೆ ಮಾತ್ರ ಈಗ ಹಮ್ ಕೇಳುತ್ತದೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಚೋರ್ ಬಜಾರಿನ ಹಳೆ ರೇಡಿಯೋದಿಂದ ಕಿತ್ತ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಇಎಲ್84 ವಾಲ್ವ್ ಇತ್ತು, ನಮ್ಮ ಬೆಂಗಳೂರಿನದು. ಅದೊಂದನ್ನೇ ಪವರ್ ವಾಲ್ವ್ ಆಗಿ ಹಾಕಿ ಪುಟ್ಟ ಆಂಪ್ ಕಟ್ಟಿದೆ. ಮಧ್ಯದ ಸ್ವರಗಳು ಎಷ್ಟು ಸಿಹಿ! ಆ ರೇಡಿಯೋದ ಪೇಪರ್ ಕೆಪಾಸಿಟರ್ ಮಾತ್ರ ಬಳಸಬೇಡಿ. ಡಿಸಿ ಸೋರಿ ವಾಲ್ವಿನ ಕರೆಂಟ್ ನಿಯಂತ್ರಿಸುವ ಗ್ರಿಡ್‌ಗೆ ಹೋದರೆ ಪ್ಲೇಟ್ ಕೆಂಪಗಾಗುತ್ತದೆ.

ಕ್ಯಾಬಿನೆಟ್‌ಗೆ ಪ್ಯಾಕಿಂಗ್ ಕೇಸಿನ ಪೈನ್ ಮರ. ಹಗುರ, ಅಗ್ಗ. ವಾಲ್ವ್, 12 ಇಂಚಿನ ಸ್ಪೀಕರ್ ಎಲ್ಲ ಸೇರಿ ಮೂವತ್ತೈದು ಸಾವಿರ ಆಗಿರಬೇಕು, ಹಾಳಾದದ್ದು ಬಿಟ್ಟು. ಇದೇ ತರಹದ ಎರಡನೆಯ ಆಂಪನ್ನು ಪುಣೆಯ ಗಿಟಾರ್ ವಾದಕರೊಬ್ಬರು ಅರವತ್ತು ಸಾವಿರಕ್ಕೆ ಒಯ್ದರು. ಅವರದು ಜೋಡಿ ಸುರುಳಿ ಪಿಕಪ್‌ನ, ಸಿಗ್ನಲ್ ಜೋರಿರುವ ಹಂಬಕರ್ ಗಿಟಾರ್. ವಾಲ್ಯೂಮ್ ಏರಿಸಿದರೆ ಬಾಸ್ ಕಲಸಿಹೋಗುತ್ತಿತ್ತು. ಮೊದಲ ಹಂತದಿಂದ ಮುಂದಕ್ಕೆ ಸಿಗ್ನಲ್ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ 0.1 ಮೈಕ್ರೋಫ್ಯಾರಡ್ ತೆಗೆದು 0.022 ಹಾಕಿದೆ, ಬಾಸ್ ಬಿಗಿಯಾಯಿತು.