ಪ್ಲಾಸ್ಟಿಕ್ ಕವರ್ ತೊಳೆದು ಒಣಗಿಸಿಯೇ ಹೊರಗೆ ಹಾಕಿ

ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ. ಕತ್ತರಿಯನ್ನು ಮುಕ್ಕಾಲಿಗೆ ನಿಲ್ಲಿಸಿ, ತುಂಡು ಕವರಿಗೇ ಅಂಟಿಕೊಂಡಿರಲಿ. ಉಗುರಿನಷ್ಟಿರುವ ಆ ಚೂರು ಸಿಂಕಿನಿಂದ ಜಾರಿ ಚರಂಡಿ ಸೇರುತ್ತದೆ, ಇಲ್ಲವೇ ಸಿಪ್ಪೆಯ ಜೊತೆ ಗೊಬ್ಬರಕ್ಕೆ ಹೋಗುತ್ತದೆ. ಅಲ್ಲಿಂದ ಅದನ್ನು ಆರಿಸುವವರು ಯಾರೂ ಇಲ್ಲ.

ಹಾಲು ಬಗ್ಗಿಸಿದ ಕೂಡಲೇ ಕವರಿಗೆ ಕಾಲು ಲೋಟ ನೀರು ಹಾಕಿ ಕುಲುಕಿ, ಆ ನೀರನ್ನು ಹಾಲಿಗೇ ಸೇರಿಸಿ ಕಾಯಿಸಿ. ಇನ್ನೊಮ್ಮೆ ಬರೀ ನೀರಲ್ಲಿ ಜಾಲಿಸಿ, ಬಾಯಿ ಕೆಳಗೆ ಮಾಡಿ ಕ್ಲಿಪ್ ಹಾಕಿ ತಂತಿಗೆ ತೂಗುಹಾಕಿದರೆ ಸಂಜೆಯೊಳಗೆ ಒಣಗುತ್ತದೆ. ಮಳೆಗಾಲದಲ್ಲಿ ಎರಡು ದಿನ ಬೇಕು. ಅವಸರಪಟ್ಟು ಹಸಿಯಾಗಿಯೇ ಚೀಲಕ್ಕೆ ತುರುಕಿದರೆ ಹುಳಿ ವಾಸನೆ, ಜಿರಳೆ ಎರಡೂ ಬರುತ್ತವೆ, ಜೊತೆಗಿದ್ದ ಕಾಗದವೂ ಹಾಳು. ಗುಜರಿಯವರು ಒಣಗಿದ ಕವರನ್ನು ತೂಕಕ್ಕೆ ತೆಗೆದುಕೊಳ್ಳುತ್ತಾರೆ, ಜಿಡ್ಡು ಹಿಡಿದದ್ದನ್ನು ಮುಟ್ಟುವುದಿಲ್ಲ. ಎಣ್ಣೆ ಕವರಿಗೆ ಬರೀ ನೀರು ಸಾಲದು. ಉದ್ದಕ್ಕೆ ಸೀಳಿ, ಒಂದು ಚಮಚ ಕಡಲೆಹಿಟ್ಟು ಉದುರಿಸಿ ಉಜ್ಜಿ, ಹಳೇ ಪೇಪರಿನಿಂದ ಒರೆಸಿದ ಮೇಲೆ ತೊಳೆಯಿರಿ.

ಒಳಗೆ ಬೆಳ್ಳಗೆ ಮಿನುಗುವ ಚಿಪ್ಸ್, ಬಿಸ್ಕತ್ತಿನ ಕವರುಗಳನ್ನು ಬೇರೆ ಕಟ್ಟಿಡಿ. ಮುಷ್ಟಿಯಲ್ಲಿ ಮುದ್ದೆ ಮಾಡಿ ಬಿಟ್ಟರೆ ಮತ್ತೆ ಅರಳಿಕೊಳ್ಳುವಂಥವು ಇವು. ಬೇರೆ ಬೇರೆ ವಸ್ತುಗಳನ್ನು ಪದರ ಪದರವಾಗಿ ಅಂಟಿಸಿರುವುದರಿಂದ ಕರಗಿಸಿ ಮತ್ತೆ ಬಳಸುವುದು ಕಷ್ಟ. ಒಣ ಕಸದ ಕೇಂದ್ರಕ್ಕೆ ಕೊಟ್ಟರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿಯಾದರೂ ಹೋಗಬಹುದು.

ಹಸಿ ಕಸದ ಬುಟ್ಟಿಗೆ ಕವರ್ ಬೇಡ, ಪೇಪರ್ ಹಾಸಿ. ಮಿಕ್ಕ ಅನ್ನವನ್ನು ಕವರಿನಲ್ಲಿ ಗಂಟು ಕಟ್ಟಿ ಬೀದಿಗಿಡುವುದಂತೂ ದೊಡ್ಡ ಪಾಪ. ಅನ್ನದ ವಾಸನೆಗೆ ಬಂದ ಹಸು ಗಂಟನ್ನೂ ಸೇರಿಸಿ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಕರಗುವುದಿಲ್ಲ, ಉಂಡೆಯಾಗಿ ಕೂತು ಮೇವು ಸೇರದಂತೆ ಮಾಡುತ್ತದೆ.

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಲ್ಲೇ ನಿಷೇಧ ಬಂತು. ಈಗ ಅಂಗಡಿಗಳಲ್ಲಿ ಬಟ್ಟೆಯಂತೆ ಕಾಣುವ ಬಣ್ಣದ ಚೀಲ ಕೊಡುತ್ತಾರೆ. ಅಂಚಿನಿಂದ ಒಂದು ನೂಲು ಎಳೆದು ನೋಡಿ. ಬಟ್ಟೆಯಾದರೆ ಎಳೆ ಬಿಚ್ಚಿಕೊಂಡು ಬರುತ್ತದೆ. ಇದರಲ್ಲಿ ನೇಯ್ಗೆಯೇ ಇಲ್ಲ, ಪ್ಲಾಸ್ಟಿಕ್ ನಾರನ್ನು ಒತ್ತಿ ಮಾಡಿದ ಹಾಳೆ. ಬಿಸಿಲಿಗೆ ಬಿದ್ದರೆ ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗಿ ಮಣ್ಣಿಗೆ ಸೇರುತ್ತದೆ. ಹಳೇ ಪಂಚೆಯಲ್ಲಿ ಹೊಲಿದ ಒಂದು ಚೀಲ ಗಾಡಿಯ ಡಿಕ್ಕಿಯಲ್ಲೇ ಇರಲಿ, ಮಾಂಸ, ಮೀನು, ಹೋಟೆಲ್ ಸಾಂಬಾರಿಗೆ ಮುಚ್ಚಳದ ಸ್ಟೀಲ್ ಡಬ್ಬಿ ಒಯ್ಯಿರಿ.

ಹಂಡೆ ಒಲೆ ಹೊತ್ತಿಸಲು ಕವರ್ ಸುಡುವ ರೂಢಿ ಇನ್ನೂ ಹೋಗಿಲ್ಲ. ಬೇಗ ಹೊತ್ತಿಕೊಳ್ಳುತ್ತದೆ ನಿಜ, ಆದರೆ ಹೊಗೆಯೆಲ್ಲ ಒಲೆ ಮುಂದೆ ಕೂತವರ ಎದೆಗೇ ಹೋಗುತ್ತದೆ. ಪಿವಿಸಿ ಪೈಪಿನ ತುಂಡು, ವೈರಿನ ಸಿಪ್ಪೆ, ರೆಕ್ಸಿನ್ ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷವೂ ಹುಟ್ಟುತ್ತದೆ. ಆ ಬೂದಿಯನ್ನು ಪಾತ್ರೆ ತಿಕ್ಕಲು, ಸೊಪ್ಪಿನ ಮಡಿಗೆ ಬಳಸಲೇಬೇಡಿ. ಒಣಗಿದ ತೆಂಗಿನ ಗರಿ, ಕರಟ, ಅಡಿಕೆ ಹಾಳೆ ಒಂದೆರಡು ಚೂರಿದ್ದರೆ ಬೆಂಕಿ ಹಿಡಿಯುತ್ತದೆ. ಮಳೆ ಶುರುವಾಗುವ ಮೊದಲೇ ಒಂದು ಮೂಟೆಯಷ್ಟು ಬಚ್ಚಲ ಅಟ್ಟದ ಮೇಲೆ ಪೇರಿಸಿಡಿ.