ಪೊರಕೆ ದಾಟುವ ಶಾಸ್ತ್ರ: ಆಫ್ರಿಕನ್-ಅಮೆರಿಕನ್ ಮದುವೆಯನ್ನು ಅಣಿಗೊಳಿಸುವ ಬಗೆ

ಆಫ್ರಿಕನ್-ಅಮೆರಿಕನ್ ಮದುವೆಯೊಂದರ ಏರ್ಪಾಟಿಗೆ ಕೈಹಾಕಿದವರು ಹೂವು, ಸಭಾಂಗಣ, ಊಟದ ಲೆಕ್ಕಕ್ಕೆ ಕೂರುವ ಮೊದಲು ಎರಡೂ ಮನೆಗಳ ಹಿರಿಯರನ್ನು ಕಂಡು, ಪೊರಕೆ ದಾಟುವ ಶಾಸ್ತ್ರ, ಎಂದರೆ ವಧೂವರರು ನೆಲದ ಮೇಲಿಟ್ಟ ಪೊರಕೆಯನ್ನು ಒಟ್ಟಿಗೆ ಹಾರಿ ದಾಟುವುದು, ಇರಬೇಕೇ ಬೇಡವೇ ಎಂದು ಕೇಳಬೇಕು. ಕೆಲವು ಮನೆಗಳಲ್ಲಿ ಅದಿಲ್ಲದ ಮದುವೆ ಮದುವೆಯೇ ಅಲ್ಲ; ಇನ್ನು ಕೆಲವು ಮನೆಗಳಲ್ಲಿ ಅದರ ಹೆಸರೆತ್ತಿದರೇ ಅಜ್ಜಿಯ ಮುಖ ಬಾಡುತ್ತದೆ. ಎರಡಕ್ಕೂ ಕಾರಣವಿದೆ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರಾಗಿದ್ದವರ ದಾಂಪತ್ಯಕ್ಕೆ ಕಾನೂನಿನ ಮಾನ್ಯತೆ ಇರಲಿಲ್ಲ. ಒಡೆಯನು ಗಂಡನನ್ನೋ ಹೆಂಡತಿಯನ್ನೋ ಮಾರಿಬಿಟ್ಟರೆ ತಡೆಯುವವರಿರಲಿಲ್ಲವಾದ್ದರಿಂದ, 'ಸಾವು ಇಲ್ಲವೇ ದೂರ ನಮ್ಮನ್ನು ಅಗಲಿಸುವ ತನಕ' ಎಂದೇ ಎಷ್ಟೋ ಜೋಡಿಗಳು ಮಾತು ಕೊಟ್ಟುಕೊಳ್ಳಬೇಕಾಗಿತ್ತು. ಅಂಥ ಬಾಳಿನಲ್ಲಿ ನೆರೆದವರ ಕಣ್ಣೆದುರು ಒಟ್ಟಾಗಿ ಪೊರಕೆ ದಾಟುವುದು, ತಾವು ಗಂಡಹೆಂಡಿರೆಂದು ಸಾರುವ ಗುರುತಾಯಿತು. ಆದರೆ 1930ರ ದಶಕದಲ್ಲಿ, ಹಿಂದೆ ಗುಲಾಮರಾಗಿದ್ದವರ ನೆನಪುಗಳನ್ನು ಬರೆದಿಟ್ಟ ಸರ್ಕಾರದ ಬರಹಗಾರರ ಯೋಜನೆಯವರಿಗೆ ತನ್ನ ಮದುವೆಯ ಕಥೆ ಹೇಳಿದ ನಾರ್ತ್ ಕರೋಲಿನಾದ ಟೆಂಪಿ ಹರ್ನ್‌ಡನ್ ಡರ್ಹಮ್ ಎಂಬ ಮುದುಕಿಯ ನೆನಪಿನಲ್ಲಿ, ಒಡೆಯನೇ ಪೊರಕೆಯನ್ನು ನೆಲದಿಂದ ಸುಮಾರು ಒಂದಡಿ ಎತ್ತರಕ್ಕೆ ಹಿಡಿದು, ಹಿಮ್ಮುಖವಾಗಿ ಹಾರುವಂತೆ ಹೇಳಿ, ಎಡವಿ ಬಿದ್ದ ವರನನ್ನು ಕಂಡು ನಕ್ಕಿದ್ದನು. ಅದೇ ಪೊರಕೆ ಒಬ್ಬರಿಗೆ ಮಾನವೂ ಇನ್ನೊಬ್ಬರಿಗೆ ಅವಮಾನವೂ ಆಗಿ ಉಳಿದಿರುವುದು ಹೀಗೆ. 1865ರಲ್ಲಿ ಬಿಡುಗಡೆಯಾದ ಮೇಲೆ ಸಾವಿರಾರು ಜೋಡಿಗಳು, ಬಿಡುಗಡೆಯಾದವರ ನೆರವಿಗೆ ಸರ್ಕಾರ ತೆರೆದ ಫ್ರೀಡ್‌ಮೆನ್ಸ್ ಬ್ಯೂರೋ ಮುಂತಾದ ಕಚೇರಿಗಳಲ್ಲಿ ಮದುವೆ ನೋಂದಾಯಿಸಿಕೊಂಡರು, ಪೊರಕೆಯ ರೂಢಿ ಹಿಂದೆ ಸರಿಯಿತು. 1977ರಲ್ಲಿ, ಗುಲಾಮರ ಕುಟುಂಬವೊಂದರ ಕಥೆ ಹೇಳುವ 'ರೂಟ್ಸ್' ಕಿರುತೆರೆ ಸರಣಿ ಮನೆಮನೆ ತಲುಪಿದ ಮೇಲೆ ಅದು ಮತ್ತೆ ಚಿಗುರಿತು. ಬ್ರಿಟನ್ನಿನ ಹಳ್ಳಿಗಳಲ್ಲಿಯೂ ಇಂಥ ರೂಢಿ ಇದ್ದುದರಿಂದ, ಇದು ಆಫ್ರಿಕದಿಂದಲೇ ಬಂದದ್ದೆಂದು ಸಭೆಯಲ್ಲಿ ಖಚಿತವಾಗಿ ಸಾರದಿರುವುದು ಒಳ್ಳೆಯದು.

ಹಿರಿಯರು ಒಪ್ಪಿದರೆ, ಬ್ರೂಮ್‌ಕಾರ್ನ್ ಎಂಬ ಜೋಳದ ಜಾತಿಯ ಗಿಡದ ಕಡ್ಡಿಗಳಿಂದ ಕಟ್ಟಿದ, ಮರದ ಹಿಡಿಯ ಪೊರಕೆಯನ್ನು ಕೊಳ್ಳಿರಿ. ಕಡ್ಡಿಯ ಕಟ್ಟು ಹಿಡಿಗೆ ಸೇರುವ ಕುತ್ತಿಗೆಯ ಮೇಲೆ ಮೊದಲು ತೆಳು ತಂತಿಯನ್ನು ನಾಲ್ಕಾರು ಸುತ್ತು ಬಿಗಿದು, ಆ ತಂತಿಗೆ ಕವಡೆ ಮತ್ತು ಮಣಿಗಳನ್ನು ಪೋಣಿಸಿ, ಅದರ ಮೇಲೆ ಮದುವೆಯ ಬಣ್ಣದ ರಿಬ್ಬನ್ ಸುತ್ತಬೇಕು. ಬರೀ ಅಂಟಿನಿಂದ ಮೆತ್ತಿದ ಕವಡೆ, ಪೊರಕೆ ಅಲುಗಿದೊಡನೆ ಉದುರುತ್ತದೆ. ಅಜ್ಜಿಯ ಹಳೆಯ ಉಡುಪಿನ ಒಂದು ಚೂರು ಸಿಕ್ಕರೆ ಅದನ್ನೂ ಕಟ್ಟಿರಿ, ಬೇರೆ ಯಾವ ಅಲಂಕಾರವೂ ಅದಕ್ಕೆ ಸಮನಲ್ಲ.

ವಧೂವರರು ದಂಪತಿಗಳೆಂದು ಪಾದ್ರಿ ಘೋಷಿಸಿದ ಮೇಲೆ, ಅವರು ಹೊರನಡೆಯುವ ಮುನ್ನ, ಈ ಶಾಸ್ತ್ರ ನಡೆಯಬೇಕು. ಒಬ್ಬರು ಪೊರಕೆಯನ್ನು ಅಡ್ಡವಾಗಿ, ಕಡ್ಡಿಗಳು ನೆಲಕ್ಕೆ ಚಪ್ಪಟೆಯಾಗಿ ತಾಗುವಂತೆ ಇಡುತ್ತಾರೆ. ಇನ್ನೊಬ್ಬರು ಅದರ ಹಿನ್ನೆಲೆಯನ್ನು ಒಂದೆರಡು ನಿಮಿಷದಲ್ಲಿ ಓದಿ ಹೇಳುತ್ತಾರೆ, ಈ ಓದನ್ನು ಬಿಡಲೇಬಾರದು. ವಧುವಿನ ಗೆಳತಿ ಉಡುಪಿನ ಸೆರಗನ್ನು ಎತ್ತಿಹಿಡಿದುಕೊಂಡ ಮೇಲೆ, ಸಭೆಯೆಲ್ಲ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದಂತೆ ಇಬ್ಬರೂ ಕೈಹಿಡಿದು ಒಟ್ಟಿಗೆ ಹಾರುತ್ತಾರೆ. ಎತ್ತರದ ಹಿಮ್ಮಡಿಯ ಪಾದರಕ್ಷೆ ತೊಟ್ಟವರು ಹಿಂದಿನ ದಿನ ಒಮ್ಮೆ ಅಭ್ಯಾಸ ಮಾಡಿಕೊಳ್ಳಲಿ.

ಪೊರಕೆ ಬೇಡವೆಂದ ಮನೆಗಳಿಗೆ ಪೂರ್ವಜರಿಗೆ ನೀರೆರೆಯುವ ಶಾಸ್ತ್ರ ಚೆನ್ನಾಗಿ ಒಪ್ಪುತ್ತದೆ. ಕುಟುಂಬದ ಹಿರಿಯರೊಬ್ಬರು ಅಗಲಿದವರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತ ನೀರನ್ನು ನೆಲಕ್ಕೋ, ಒಳಾಂಗಣವಾದರೆ ಗಿಡದ ಕುಂಡಕ್ಕೋ ಎರೆಯುತ್ತಾರೆ. ಪ್ರತಿ ಹೆಸರಿಗೂ ಸಭೆ 'ಅಶೇ' ಎನ್ನುತ್ತದೆ. ಅದು 'ಹಾಗೇ ಆಗಲಿ' ಎಂಬರ್ಥದ, ಪಶ್ಚಿಮ ಆಫ್ರಿಕದ ಯೊರುಬಾ ಜನರ ಮಾತು. ಹೆಸರುಗಳನ್ನು ಮೊದಲೇ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ, ಏಕೆಂದರೆ ಆ ಹೊತ್ತಿಗೆ ಕಣ್ಣು ತುಂಬಿ ಬರುವುದುಂಟು. ಬಾಳಿನ ಸಿಹಿಕಹಿಗಳ ಗುರುತಾಗಿ ವಧೂವರರು ಸವಿಯುವ, ಯೊರುಬಾ ಮೂಲದ್ದೆನ್ನುವ ನಾಲ್ಕು ರುಚಿಗಳ ಶಾಸ್ತ್ರವೂ ಇದೆ: ಹುಳಿಗೆ ನಿಂಬೆ, ಕಹಿಗೆ ವಿನೆಗರ್, ಖಾರಕ್ಕೆ ಮೆಣಸಿನಪುಡಿ, ಕೊನೆಗೆ ಜೇನು. ಪ್ರತಿಯೊಂದೂ ಚಿಟಿಕೆಯಷ್ಟಿರಲಿ, ಖಾರದಿಂದ ಕೆಮ್ಮುವ ವರನಿಗೆ ಮುಂದಿನ ಮಾತು ಹೊರಡುವುದಿಲ್ಲ.

ಘಾನಾ ದೇಶದ, ಬಣ್ಣಬಣ್ಣದ ಪಟ್ಟಿಗಳಿಂದ ನೇಯ್ದ ಕೆಂಟೆ ಬಟ್ಟೆಯನ್ನು ವರನ ಹೆಗಲ ಪಟ್ಟಿಯಾಗಿ, ಇಲ್ಲವೇ ಪೊರಕೆಯ ಹಿಡಿಗೆ ಸುತ್ತಿ ಬಳಸುವುದು ವಾಡಿಕೆ. ವಧುವಿನ ಉಡುಪನ್ನು ಕಪ್ಪು ಜನಾಂಗದ ವಿನ್ಯಾಸಗಾರರಿಂದ ಹೊಲಿಸಲು ಸಾಧ್ಯವಾದರೆ ಖಂಡಿತ ಹಾಗೆ ಮಾಡಿರಿ. 1953ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿಯವರ ಕೈಹಿಡಿದ ಜಾಕ್ವೆಲಿನ್ ಅವರ ಮದುವೆಯ ಉಡುಪನ್ನು ಹೊಲಿದವರು ಆ್ಯನ್ ಲೋ ಎಂಬ ಕಪ್ಪು ಮಹಿಳೆ. ಮದುವೆಗೆ ಕೆಲವೇ ದಿನಗಳಿರುವಾಗ ಕೊಳಾಯಿ ಒಡೆದು ಉಡುಪು ಹಾಳಾದಾಗ ನಷ್ಟವನ್ನು ತಾವೇ ಹೊತ್ತು ಮತ್ತೆ ಹೊಲಿದುಕೊಟ್ಟರು, ಆದರೂ ಅವರ ಹೆಸರು ಆಗ ಹೆಚ್ಚಿನವರಿಗೆ ತಿಳಿಯಲಿಲ್ಲ.

ಊಟಕ್ಕೆ ಕರಿದ ಕೋಳಿ, ಕಾಲರ್ಡ್ ಸೊಪ್ಪು, ಮ್ಯಾಕರೋನಿ ಅಂಡ್ ಚೀಸ್, ಪೀಚ್ ಹಣ್ಣಿನ ಸಿಹಿತಿನಿಸಾದ ಪೀಚ್ ಕಾಬ್ಲರ್ ಇದ್ದರೆ ಸಾಕು. ಮ್ಯಾಕರೋನಿಯನ್ನು ಯಾರು ಮಾಡುತ್ತಾರೆ ಎಂಬುದನ್ನು ಮಾತ್ರ ಅತ್ತೆ, ಚಿಕ್ಕಮ್ಮಂದಿರೇ ತೀರ್ಮಾನಿಸಲಿ. ಎಲೆಕ್ಟ್ರಿಕ್ ಸ್ಲೈಡ್ ಕುಣಿತಕ್ಕೆ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಸಾಲುಗಟ್ಟುವುದರಿಂದ ಅಂಗಳ ವಿಶಾಲವಾಗಿರಲಿ. ನ್ಯೂ ಆರ್ಲಿಯನ್ಸ್‌ನಲ್ಲಿ ಮದುವೆಯಾದರೆ, ಹಿತ್ತಾಳೆ ವಾದ್ಯದವರ ಹಿಂದೆ ದಂಪತಿಗಳು ಕೊಡೆ ಕುಣಿಸುತ್ತ, ಅತಿಥಿಗಳು ಕರವಸ್ತ್ರ ಬೀಸುತ್ತ ಬೀದಿಯಲ್ಲಿ ಸಾಗುವ 'ಸೆಕೆಂಡ್ ಲೈನ್' ಮೆರವಣಿಗೆಗೆ ನಗರಾಡಳಿತದ ಅನುಮತಿ ಮತ್ತು ಪೊಲೀಸ್ ಬೆಂಗಾವಲು ಬೇಕು, ಮೊದಲೇ ಅರ್ಜಿ ಹಾಕಿರಿ.

ಈ ಯಾವ ಶಾಸ್ತ್ರಕ್ಕೂ ಕಾನೂನಿನ ಬಲವಿಲ್ಲವಾದ್ದರಿಂದ, ಮದುವೆಯ ಪರವಾನಗಿ ಪತ್ರಕ್ಕೆ ಪಾದ್ರಿಯ ಸಹಿ ಅಂದೇ ಬೀಳುವಂತೆ ನೋಡಿಕೊಳ್ಳಿ. ಜೊತೆಗೆ, ದಂಪತಿಗಳು ಹಾರಿದೊಡನೆ ಪೊರಕೆಯನ್ನು ಎತ್ತಿಕೊಂಡು, ನೆನಪಿಗೆ ತೂಗುಹಾಕಲು ಅವರ ಮನೆಯ ಗೋಡೆಯವರೆಗೆ ತಲುಪಿಸುವ ಹೊಣೆಯನ್ನು ಒಬ್ಬರಿಗೆ ಹೆಸರಿಟ್ಟು ಒಪ್ಪಿಸಿರಿ; ಇಲ್ಲದಿದ್ದರೆ ಸಭಾಂಗಣ ಗುಡಿಸುವವರು ಅದನ್ನು ಬರೀ ಪೊರಕೆಯೆಂದೇ ತಿಳಿಯುತ್ತಾರೆ.