ಹಳೆಯ ಸ್ಪೀಡ್‌ಬೋಟ್‌ಗೆ ಜೋಡಿ ಎಂಜಿನ್ ಕೂರಿಸುವುದು ಹೇಗೆ?

ಕಾಸರಗೋಡು ಕಡೆ ಚಂದ್ರಗಿರಿ ಹೊಳೆ ಸಮುದ್ರ ಸೇರುವಲ್ಲಿ, ಶಿರಿಯದಲ್ಲಿ, ನೀಲೇಶ್ವರದ ಅಳಿತ್ತಲದಲ್ಲಿ ಅಳಿವೆ ದಾಟುವವರಿಗೆಲ್ಲ ಒಂದೇ ಭಯ. ಅಲೆ ಒಡೆಯುವ ಜಾಗದಲ್ಲಿ ಎಂಜಿನ್ ನಿಂತರೆ ಬೋಟ್ ಅಡ್ಡ ತಿರುಗುತ್ತದೆ, ಮುಂದಿನ ಅಲೆ ಪಕ್ಕಕ್ಕೇ ಬಡಿಯುತ್ತದೆ. ಜೋಡಿ ಎಂಜಿನ್ ಬೇಕಾಗುವುದು ಈ ಹೊತ್ತಿಗೆ. ಬರೀ ವೇಗ ಬೇಕಿದ್ದರೆ 150 ಹಾರ್ಸ್‌ಪವರಿನ ಎರಡಕ್ಕಿಂತ 300ರ ಒಂದೇ ಎಂಜಿನ್ ಸಾಮಾನ್ಯವಾಗಿ ತುಸು ಮುಂದಿರುತ್ತದೆ; ನೀರಿಗಿಳಿದ ಎಂಜಿನ್ ಕಾಲು ಎರಡಾದಾಗ ನೀರಿನ ತಡೆಯೂ ಹೆಚ್ಚುತ್ತದೆ. ಹಾಗಾಗಿ ಕೆಲಸದ ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕು: ಇದು ನಿಂತರೆ ಅದೂ ನಿಂತೀತೇ?

ಇಲ್ಲಿ ಹೇಳುತ್ತಿರುವುದು 25 ಅಡಿ ಆಸುಪಾಸಿನ, ತಳ ಆಳವಾದ 'ವಿ' ಆಕಾರದಲ್ಲಿರುವ ಹಳೆಯ ಫೈಬರ್ ಬೋಟ್‌ಗಳ ವಿಷಯ. ಅಮೆರಿಕದ ರೇ ಹಂಟ್ ರೂಪಿಸಿದ ಈ ತಳ, 1960ರ ಮಯಾಮಿ–ನಸ್ಸೌ ರೇಸಿನಲ್ಲಿ 'ಮೊಪ್ಪಿ' ಎಂಬ ಬೋಟ್ ಗೆದ್ದ ಮೇಲೆ ಜಗತ್ತಿನೆಲ್ಲೆಡೆ ಹೆಸರು ಮಾಡಿತು. ಆ ತಲೆಮಾರಿನ ಬಹಳಷ್ಟು ಬೋಟ್‌ಗಳಲ್ಲಿ ಎಂಜಿನ್ ಒಳಗಿರುತ್ತಿತ್ತು, ಹೆಚ್ಚಾಗಿ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ 'ವಿ8'. ಅದೇ ಬೇಕೆಂದು ಹಟ ಹಿಡಿಯಬೇಡಿ. ಮಂಜೇಶ್ವರದಿಂದ ಚೆರುವತ್ತೂರಿನ ಮಡಕ್ಕರದವರೆಗೆ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂದೆ ಹೊರಗೆ ತೂಗುವ ಎಂಜಿನ್, ಬಿಚ್ಚಿ ಜೋಡಿಸಬಲ್ಲವರು ಕಡಲ ಕರೆಯಲ್ಲೇ ಸಿಗುತ್ತಾರೆ. ವಿ8ರ ಬಿಡಿಭಾಗ ಹುಡುಕಿಕೊಂಡು ಎಲ್ಲಿಗೆ ಹೋಗುತ್ತೀರಿ?

ಮೊದಲು ಭಾರ ನೋಡಿ

150 ಹಾರ್ಸ್‌ಪವರಿನ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಒಂದೊಂದೂ 205ರಿಂದ 225 ಕಿಲೋ ತೂಗುತ್ತದೆ. ಎರಡು ಸೇರಿದರೆ 450 ಕಿಲೋವರೆಗೆ, ಅದೂ ಬೋಟಿನ ತೀರಾ ಹಿಂದೆ. ಎಂಜಿನ್‌ಗೆ ದುಡ್ಡು ಕಟ್ಟುವ ಮೊದಲು ಬೋಟನ್ನು ಹೊಳೆಯ ನಿಂತ ನೀರಿಗಿಳಿಸಿ, 20 ಲೀಟರಿನ 23 ನೀರಿನ ಕ್ಯಾನುಗಳನ್ನು ತುಂಬಿ ಹಿಂಬದಿಯ ಹಲಗೆಗೆ ಒತ್ತಿ ಇಡಿ. ಟ್ಯಾಂಕ್ ತುಂಬಿರಲಿ, ನಾಲ್ಕು ಜನ ಹತ್ತಿರಲಿ. ಡೆಕ್ಕಿನ ನೀರು ಹೊರಹೋಗುವ ತೂತುಗಳಿಂದ ನೀರು ಒಳಕ್ಕೆ ಬಂದರೆ ಆ ತೂಕ ಈ ಬೋಟಿಗೆ ಹೆಚ್ಚಾಯಿತು. ಬ್ಯಾಟರಿಗಳನ್ನು ಮುಂದಕ್ಕೆ ಒಯ್ದು ಇನ್ನೊಮ್ಮೆ ನೋಡಿ. ಆಗಲೂ ಬಂದರೆ ಚಿಕ್ಕ ಎಂಜಿನ್ ಆರಿಸಿ. ಹೊಸದಾಗಿ ನೀರು ಮುಟ್ಟಿದ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟುಕೊಳ್ಳಿ, ಬಣ್ಣ ಬಳಿಯುವಾಗ ಬೇಕಾಗುತ್ತದೆ.

ಹಿಂಬದಿಯ ಹಲಗೆ

ಇಡೀ ಕೆಲಸದ ಜೀವ ಇರುವುದು ಇಲ್ಲಿ, ಅಂದರೆ ಟ್ರಾನ್ಸಮ್‌ನಲ್ಲಿ. ಹೊರಗೆ ಫೈಬರ್ ಹೊಳೆಯುತ್ತಿರುತ್ತದೆ, ಒಳಗಿನ ಪ್ಲೈವುಡ್ ಕೊಳೆತಿರುತ್ತದೆ. ಸುತ್ತಿಗೆಯ ಹಿಡಿಯಿಂದ ಅಂಗೈಯಗಲ ಬಿಟ್ಟು ಬಿಟ್ಟು ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಸದ್ದು ಚುರುಕಾಗಿ ಬರುತ್ತದೆ, ಹಾಳಾದಲ್ಲಿ ಮಂಕಾಗುತ್ತದೆ. ಮಂಕಾದಲ್ಲಿ ಒಳಗಿನಿಂದ, ಆದಷ್ಟು ಕೆಳಗೆ, 6 ಮಿ.ಮೀ. ಡ್ರಿಲ್ ಹಾಕಿ. ಬರುವ ಪುಡಿ ಒಣಗಿ ತಿಳಿ ಬಣ್ಣದಲ್ಲಿದ್ದರೆ ಒಳ್ಳೆಯದು. ಕಪ್ಪಾಗಿ, ಹುಳಿ ವಾಸನೆ ಹೊಡೆಯುತ್ತಾ, ಬೆರಳಿಗೆ ಒದ್ದೆ ತಾಗಿದರೆ ಒಳಗಿನ ಪ್ಲೈ ಪೂರ್ತಿ ತೆಗೆಯಲೇಬೇಕು. ಮೇಲಿಂದ ಅಲ್ಯೂಮಿನಿಯಂ ತಗಡು ಬಡಿದು ಸಾಗಿಸೋಣ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ತಗಡು ಕೊಳೆತವನ್ನು ಮುಚ್ಚುತ್ತದೆ, ಹೊರುವುದಿಲ್ಲ.

ಹೊಸದಕ್ಕೆ ಐಎಸ್ 710 ಮುದ್ರೆಯ ಮೆರೈನ್ ಪ್ಲೈಯನ್ನೇ ತನ್ನಿ. ಪದರಗಳನ್ನು ಎಪಾಕ್ಸಿ ಅಂಟಿನಲ್ಲಿ ಅಂಟಿಸಿ, ಎಂಜಿನ್ ಕಂಪನಿ ಹೇಳಿದ ದಪ್ಪಕ್ಕೆ ತನ್ನಿ. ಹಲಗೆಯಿಂದ ತಳದ ಉದ್ದ ತೊಲೆಗಳಿಗೆ ಮೂಲೆಗಟ್ಟುಗಳನ್ನು ಫೈಬರ್‌ನಲ್ಲಿ ಕಟ್ಟಿಸಿ. ಎಂಜಿನ್ ತಳ್ಳುವ ಬಲವೆಲ್ಲ ಈ ದಾರಿಯಿಂದಲೇ ಬೋಟಿಗೆ ಹರಿಯಬೇಕು.

ಇದನ್ನೆಲ್ಲ ಡಿಸೆಂಬರಿನಿಂದ ಮಾರ್ಚ್ ಒಳಗೆ ಮುಗಿಸಿ. ಆಟಿಯಲ್ಲಿ ಬೋಟ್ ಹೇಗೂ ದಡದಲ್ಲಿರುತ್ತದೆ ಎಂದು ಮಳೆಗಾಲಕ್ಕೆ ಇಟ್ಟುಕೊಂಡರೆ ತೇವದ ಗಾಳಿಯಲ್ಲಿ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಎತ್ತರದ ಲೆಕ್ಕ

ಜೋಡಿ ಎಂಜಿನ್‌ಗಳ ಮಧ್ಯದಿಂದ ಮಧ್ಯಕ್ಕೆ ಸಾಮಾನ್ಯವಾಗಿ 26ರಿಂದ 28 ಇಂಚು ಅಂತರ ಬೇಕು; ನಿಮ್ಮ ಮಾದರಿಯ ಕೈಪಿಡಿ ನೋಡಿ ಖಚಿತ ಮಾಡಿಕೊಳ್ಳಿ. 28 ಎಂದಿಟ್ಟುಕೊಂಡರೆ ಒಂದೊಂದು ಎಂಜಿನ್ ನಡುಗೆರೆಯಿಂದ 14 ಇಂಚು ಆಚೆ ಕೂರುತ್ತದೆ. ತಳದ ಓರೆ 24 ಡಿಗ್ರಿ ಇದ್ದರೆ ಅಲ್ಲಿ ತಳ ನಡುಗೆರೆಗಿಂತ ಸುಮಾರು 6 ಇಂಚು ಮೇಲಿರುತ್ತದೆ. ಒಂಟಿ ಎಂಜಿನ್‌ಗೆ ಕತ್ತರಿಸಿದ್ದ ಹಲಗೆಗೆ ಹಾಗೆಯೇ ಎರಡನ್ನು ಬಿಗಿದರೆ ಎರಡೂ 6 ಇಂಚು ಹೆಚ್ಚು ಮುಳುಗುತ್ತವೆ. ಆದ್ದರಿಂದ ಹಲಗೆಯನ್ನು ಅಷ್ಟು ಎತ್ತರಿಸಬೇಕು. ಪ್ರೊಪೆಲ್ಲರ್ ಮೇಲಿನ ಅಗಲ ತಟ್ಟೆ, ಅದರ ನೇರ ಮುಂದಿರುವ ತಳದ ಮಟ್ಟಕ್ಕೆ ಅಥವಾ ಒಂದು ಇಂಚು ಮೇಲಕ್ಕೆ ಬಂದರೆ ಆರಂಭಕ್ಕೆ ಸರಿ.

ಬೋಲ್ಟ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ಮಧ್ಯೆ ಸರಿಯಾದ ಅಳತೆಗೆ ಕೊರೆಯಿರಿ. ಆಗ ನೀರು ಒಳಬಂದರೂ ಪ್ಲೈ ಮುಟ್ಟುವುದಿಲ್ಲ.

ಎರಡು ಎಂದರೆ ಎಲ್ಲವೂ ಎರಡು

ಒಂದು ಎಂಜಿನ್ನಿನ ಪ್ರೊಪೆಲ್ಲರ್ ಬಲಕ್ಕೆ, ಇನ್ನೊಂದರದ್ದು ಎಡಕ್ಕೆ ತಿರುಗುವಂಥ ಜೋಡಿ ಕೊಳ್ಳಿ. ಇಲ್ಲದಿದ್ದರೆ ಸ್ಟಿಯರಿಂಗ್ ಒಂದೇ ಕಡೆಗೆ ಎಳೆಯುತ್ತದೆ. ಸಾಮಾನ್ಯವಾಗಿ ಎಡಕ್ಕೆ ತಿರುಗುವುದರ ಗೇರ್ ಭಾಗವೇ ಬೇರೆ, ಬರೀ ಪ್ರೊಪೆಲ್ಲರ್ ಬದಲಿಸಿದರೆ ಆಗದು. ಈ ಶಕ್ತಿಗೆ ಹೈಡ್ರಾಲಿಕ್ ಸ್ಟಿಯರಿಂಗ್ ಇರಲೇಬೇಕು.

ಬ್ಯಾಟರಿ ಎರಡು, ಪೆಟ್ರೋಲ್ ಪೈಪ್ ಎರಡು, ನೀರು ಬೇರ್ಪಡಿಸುವ ಫಿಲ್ಟರ್ ಎರಡು, ಸಾಧ್ಯವಿದ್ದರೆ ಟ್ಯಾಂಕೂ ಎರಡು. ಕೆಟ್ಟ ಪೆಟ್ರೋಲ್ ತುಂಬಿದ ಒಂದೇ ಟ್ಯಾಂಕ್ ಎರಡೂ ಎಂಜಿನ್‌ಗಳನ್ನು ಒಟ್ಟಿಗೇ ನಿಲ್ಲಿಸುತ್ತದೆ. ಈಗ ಬಂಕ್‌ನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಬಹುಪಾಲು ಔಟ್‌ಬೋರ್ಡ್ ಕೈಪಿಡಿಗಳು ಒಪ್ಪುವುದು 10 ಶೇಕಡಾವರೆಗೆ. ಎಥನಾಲ್ ತೇವ ಹೀರುತ್ತದೆ, ಹಳೆಯ ಫೈಬರ್ ಟ್ಯಾಂಕನ್ನೂ ರಬ್ಬರ್ ಪೈಪನ್ನೂ ತಿನ್ನುತ್ತದೆ. ಎರಡನ್ನೂ ಕಿತ್ತು ಬದಲಿಸಿ. ಯಾವ ಪೆಟ್ರೋಲ್ ಹಾಕಬಹುದೆಂದು ಮಾರುವವರಿಂದ ಬರಹದಲ್ಲೇ ಪಡೆಯಿರಿ. ವಾರಗಟ್ಟಲೆ ಟ್ಯಾಂಕಿನಲ್ಲಿ ಉಳಿದದ್ದನ್ನು ಹಾಗೇ ಬಳಸಬೇಡಿ.

ನೀರಿಗಿಳಿಸಿದ ಮೇಲೆ

ಎಂಜಿನ್ ಬದಲಾದದ್ದನ್ನು ನೋಂದಣಿ ಕಚೇರಿಗೆ ತಿಳಿಸಿ, ಸರ್ವೆ ಮಾಡಿಸಿಯೇ ಜನರನ್ನು ಹತ್ತಿಸಿ. ಮೊದಲ ಓಟ ಹೊಳೆಯಲ್ಲೇ ಇರಲಿ. ಪೂರ್ತಿ ಥ್ರಾಟಲ್‌ನಲ್ಲಿ ಆರ್‌ಪಿಎಂ ಕೈಪಿಡಿಯ ಮಿತಿಗೆ ಏರದಿದ್ದರೆ ಪ್ರೊಪೆಲ್ಲರಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗುವ ಅಳತೆ, ಕಡಿಮೆಯಿರುವುದನ್ನು ಹಾಕಿ. ಒಂದು ಇಂಚಿಗೆ 150–200 ಆರ್‌ಪಿಎಂ ವ್ಯತ್ಯಾಸ ಬರುತ್ತದೆ.

ಆಮೇಲೆ ಇಳಿತದ ಹೊತ್ತಿಗೆ ಒಂದು ಎಂಜಿನ್ ನಿಲ್ಲಿಸಿ, ಮೇಲಕ್ಕೆತ್ತಿ, ಹರಿವಿಗೆ ಎದುರಾಗಿ ಹೋಗಿ. ಬೋಟ್ ನಿಂತ ಎಂಜಿನ್ನಿನ ಕಡೆಗೆ ಎಳೆಯುತ್ತದೆ, ಕೈ ಅದಕ್ಕೆ ಒಗ್ಗಬೇಕು. ಒಂದೇ ಎಂಜಿನ್ನಿನಲ್ಲಿ ಬೋಟ್ ಮೇಲೆದ್ದು ಓಡುವುದು ಅಪರೂಪ. ಒತ್ತಾಯಿಸಿದರೆ ಉಳಿದದ್ದೂ ಕಾದು ಕೆಡುತ್ತದೆ. ಇನ್ನೊಂದರಲ್ಲೂ ಹೀಗೇ ಮಾಡಿ ನೋಡಿ. ದಡಕ್ಕೆ ಬಂದವರೇ ಎರಡನ್ನೂ ಸಿಹಿನೀರಿನಲ್ಲಿ ತೊಳೆದು, ಹಲಗೆಯ ಎಂಟೂ ಬೋಲ್ಟುಗಳನ್ನು ಮತ್ತೆ ಬಿಗಿ ನೋಡಿ, ತಲೆಯ ಸುತ್ತ ಫೈಬರ್ ಕೂದಲೆಳೆಯಷ್ಟು ಬಿರಿದಿದ್ದರೂ ಅಳಿವೆಯತ್ತ ಹೋಗುವ ಮೊದಲು ಬಿಚ್ಚಿಸಿ ಪರೀಕ್ಷಿಸಿ.